ಭಾವನ ಹೆಸರಿನ ಸಿಮ್

ಹತ್ತೊಂಬತ್ತು ವರ್ಷಗಳಲ್ಲಿ ಧರ್ಮಪಾಲನ ಒಂದೇ ಒಂದು ಬಾಡಿಗೆ ಚೆಕ್ ಬ್ಯಾಂಕಿನಿಂದ ಹಿಂದಿರುಗಿರಲಿಲ್ಲ. ಉಡುಪಿಯಿಂದ ಬಂದವನು ಅಷ್ಟೂ ವರ್ಷ ದುಬೈಯ ಅಲ್ ಬರ್ಷಾದ ಒಂದೇ ಫ್ಲ್ಯಾಟಿನಲ್ಲಿದ್ದ. ಈಗ ಮಾಲೀಕರು ಅದನ್ನು ಮಾರುತ್ತಿದ್ದರು. ಮಿರ್ದಿಫ್‌ನಲ್ಲಿ ಮಗಳು ಅಶ್ಮಿತಾಳ ಶಾಲೆಯ ಪಕ್ಕದಲ್ಲೇ ಮನೆಯೊಂದು ಖಾಲಿಯಿತ್ತು. ಅದು ಸಿಕ್ಕರೆ ಅವಳ ದಿನದ ಎರಡು ಗಂಟೆಯ ಬಸ್ ಪ್ರಯಾಣ ತಪ್ಪುತ್ತಿತ್ತು.

ಏಜೆಂಟ್ ಸುಸನ್ ಅವನ ಕ್ರೆಡಿಟ್ ವರದಿ ನೋಡಿ ತಲೆಯಾಡಿಸಿದಳು. "ಸ್ಕೋರ್ ತುಂಬಾ ಕಡಿಮೆ ಸರ್. ಓನರ್ ಒಪ್ಪುವುದಿಲ್ಲ."

"ನನ್ನ ಹಳೇ ಓನರನ್ನು ಕೇಳಿ."

"ಅವರ ಮಾತು ಇದರಲ್ಲಿ ಬರುವುದಿಲ್ಲ. ಮೊದಲು ಚೆಕ್ ಬೌನ್ಸ್ ಆದರೆ ಪೊಲೀಸರ ಹೆದರಿಕೆ ಇತ್ತು, ಈಗ ಅಷ್ಟಿಲ್ಲ. ಬಾಡಿಗೆಗೆ ಮುಂದಿನ ತಾರೀಖಿನ ನಾಲ್ಕು ಚೆಕ್ ಇಟ್ಟುಕೊಂಡು ವರ್ಷವಿಡೀ ಕಾಯಬೇಕಾದ ಓನರ್ ಕೀಲಿ ಕೊಡುವ ಮೊದಲೇ ಸ್ಕೋರ್ ನೋಡುತ್ತಾರೆ."

ಅದರಲ್ಲಿ ಅವನಿಗೆ ತಪ್ಪು ಕಾಣಲಿಲ್ಲ. ಸಿಟ್ಟು ಬಂದದ್ದು ವರದಿಯ ಕೆಳಗಿನ ಸಾಲು ಓದಿದಾಗ: ಮೊಬೈಲ್ ಬಿಲ್, ಹದಿನಾಲ್ಕು ತಿಂಗಳಿಂದ ಬಾಕಿ. ಹೆಂಡತಿ ಹರಿಣಾಕ್ಷಿಯ ತಮ್ಮ ರಂಜಿತ್ ಹೊಸದಾಗಿ ಬಂದಾಗ ಅವನ ಐಡಿ ಕಾರ್ಡ್ ಇನ್ನೂ ಆಗಿರಲಿಲ್ಲ. ಬಂದವರಿಗೆ ತಮ್ಮ ಐಡಿಯಲ್ಲಿ ಸಿಮ್ ತೆಗೆದುಕೊಡುವುದು ಊರಿನವರ ನಡುವೆ ಮೊದಲಿನಿಂದಲೂ ಇದ್ದ ರೂಢಿ. ಇವನೂ ತೆಗೆದುಕೊಟ್ಟಿದ್ದ.

ಅಬುಧಾಬಿಯಲ್ಲಿದ್ದ ರಂಜಿತ್ ಫೋನಿನಲ್ಲಿ ನಕ್ಕ. "ಆ ನಂಬರ್ ಖಲಾಸ್ ಭಾವ. ಬಿಸಾಡಿ ವರ್ಷ ಮೇಲಾಯ್ತು."

"ನೀನು ಬಿಸಾಡಿದ್ದು ಸಿಮ್. ಬಾಕಿ ನನ್ನ ಹೆಸರಲ್ಲಿ ಕೂತಿದೆ. ಎಚ್ಚರಿಕೆಯ ಮೆಸೇಜೆಲ್ಲ ಹೋದದ್ದೂ ಅದೇ ನಂಬರಿಗೆ."

"ಕಟ್ತೇನೆ ಮಾರಾಯ್ರೆ. ಅಷ್ಟಕ್ಕೆ ಇಷ್ಟು ಬಿಸಿ ಯಾಕೆ?"

ಸಂಜೆಯೇ ಕಟ್ಟಿದ. ಆದರೆ ವರದಿ ಒಂದೇ ದಿನದಲ್ಲಿ ಸರಿಯಾಗುವುದಿಲ್ಲ. ಮಿರ್ದಿಫ್‌ನ ಓನರ್ ಕಾಯಲು ಒಪ್ಪಿದ್ದು ಎರಡೇ ದಿನ. ಹರಿಣಾಕ್ಷಿ ಒಂದು ದಾರಿ ಹುಡುಕಿದಳು. "ತಮ್ಮನ ವರದಿ ಚೊಕ್ಕ ಉಂಟಂತೆ. ಅವನ ಹೆಸರಲ್ಲೇ ಮನೆ ತೆಗೆದುಕೊಳ್ಳುವ."

ಧರ್ಮಪಾಲ ಚಹಾದ ಲೋಟ ಕುಕ್ಕಿದ. "ಚೊಕ್ಕ ಇರದೆ ಏನು? ಅವನ ಕೊಳೆಯೆಲ್ಲ ನನ್ನ ಮೈಮೇಲೆ ಉಂಟಲ್ಲ. ಒಬ್ಬನ ಹೆಸರಲ್ಲಿ ಇನ್ನೊಬ್ಬ ನಡೆಸಿದ್ದಕ್ಕೇ ಇಷ್ಟಾದದ್ದು. ಪುನಃ ಅದನ್ನೇ ಮಾಡುವುದಾ?"

ಮಿರ್ದಿಫ್‌ನ ಮನೆ ಬೇರೆಯವರ ಪಾಲಾಯಿತು. ಹಳೆಯ ಫ್ಲ್ಯಾಟ್ ಬಿಡಲು ಇನ್ನೂ ಮೂರು ತಿಂಗಳಿತ್ತು. ಶಾಲೆ ಮಾತ್ರ ಕಾಯಲಿಲ್ಲ. ರಜೆ ಮುಗಿದು ಅದು ತೆರೆದ ದಿನ ಬೆಳಿಗ್ಗೆ ಐದೂಮುಕ್ಕಾಲಕ್ಕೆ, ನಿದ್ದೆಗಣ್ಣಿನ ಅಶ್ಮಿತಾಳನ್ನು ಬಸ್ ಹತ್ತಿಸಿ, ಅವನು ರಂಜಿತನಿಗೆ ಫೋನ್ ಮಾಡಿದ.

"ಮಲಗಿದ್ದೀಯಾ?"

"ಹೌದು ಭಾವ... ಇಷ್ಟು ಬೇಗ?"

"ಏಳು. ನಿನ್ನ ಅಕ್ಕನ ಮಗಳು ಬಸ್ ಹತ್ತಿದಳು. ಮನೆ ಸಿಗುವ ತನಕ ದಿನಾ ಇದೇ ಹೊತ್ತಿಗೆ ಎಬ್ಬಿಸ್ತೇನೆ."