ಕಾಚಿನ ಡಬ್ಬಿ

ನಮ್ಮ ಅತ್ತೆಯ ಎಲೆ-ಅಡಿಕೆ ಸಂಚಿಗೆ ಮನೆಯಲ್ಲಿ ಯಾರೂ ಕೈ ಹಾಕುತ್ತಿರಲಿಲ್ಲ. ಮಾವ ಬದುಕಿದ್ದಾಗ ಅವರೂ ಹಾಕಿದ್ದನ್ನು ನಾನು ಕಂಡಿಲ್ಲ. ಹೊನ್ನಾಳಿಯ ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಒಮ್ಮೆ ಗುಡಿಸುವಾಗ ಸಂಚಿಯನ್ನು ಎತ್ತಿ ಪಕ್ಕಕ್ಕಿಟ್ಟಿದ್ದಕ್ಕೇ ಅತ್ತೆ ಸಂಜೆಯ ತನಕ ನನ್ನ ಜೊತೆ ಮಾತು ಬಿಟ್ಟಿದ್ದರು. ಅಂಥ ಸಂಚಿಯನ್ನು, ಕಣ್ಣು ಮಂಜಾಗಿ ಬೆರಳುಗಳು ಬಾಗದಂತಾದ ಮೇಲೆ, ಒಂದು ದಿನ ತಾವಾಗಿಯೇ ನನ್ನ ಮಡಿಲಿಗೆ ಹಾಕಿದರು.

"ಇನ್ಮ್ಯಾಲೆ ಎಲೆ ನೀನೇ ಮಡಚಿ ಕೊಡವ್ವ. ನನ್ ಕೈಲಿ ಆಗಲ್ಲ" ಅಂದರು.

ಮನೆಯ ಬೀಗದ ಕೈ ಕೊಟ್ಟಿದ್ದರೂ ನನಗೆ ಅಷ್ಟು ಸಂತೋಷವಾಗುತ್ತಿರಲಿಲ್ಲ. ಅವತ್ತೇ ಕೂತು ಅವರಿಗೊಂದು ಹೊಸ ಸಂಚಿ ಹೊಲಿದೆ. ನಾನು ಮನೆಯಲ್ಲೇ ಮಿಷನ್ ಇಟ್ಟುಕೊಂಡು ಬಟ್ಟೆ ಹೊಲಿಯುವವಳು, ಒಳ್ಳೆಯ ಬಟ್ಟೆಯ ತುಂಡುಗಳಿಗೆ ಬರವಿರಲಿಲ್ಲ. ಅಡಿಕೆ ನನ್ನ ತವರಾದ ಚನ್ನಗಿರಿ ಕಡೆಯ ಕೆರೆಬಿಳಚಿಯಿಂದ ಬರುತ್ತಿತ್ತು. ಊಟವಾದ ಮೇಲೆ ಅಡಕತ್ತರಿಯಲ್ಲಿ ಅದನ್ನು ಸಣ್ಣಗೆ ಕತ್ತರಿಸಿ, ಎಲೆಗೆ ಸುಣ್ಣ ಸವರಿ, ಸಂಚಿಯೊಳಗಿನ ಪುಟ್ಟ ಸ್ಟೀಲ್ ಡಬ್ಬಿಯಿಂದ ಒಂದು ಚಿಟಿಕೆ ಕಾಚಿನ ಪುಡಿ ಉದುರಿಸಿ, ಮಡಚಿ ಅವರ ಬಾಯಿಯ ಹತ್ತಿರವೇ ಹಿಡಿಯುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡೇ ಬಾಯಿ ತೆರೆಯುತ್ತಿದ್ದರು. ನಾನು ಎಲೆ ಹಾಕುವವಳಲ್ಲ. ಡಬ್ಬಿಯಲ್ಲಿದ್ದ ಕೆಂಪು ಮಣ್ಣಿನ ಬಣ್ಣದ ಪುಡಿಯನ್ನು ಕಾಚು ಅಂದರು, ಕಾಚು ಅಂದುಕೊಂಡೆ.

ಅವರ ಗುಳಿಗೆಗಳ ಉಸ್ತುವಾರಿಯೂ ನನ್ನದೇ. ಬಿಪಿಗೆ ಒಂದು, ಶುಗರಿಗೆ ಒಂದು, ಮೊದಲಿಗೆ ಇದ್ದದ್ದು ಅಷ್ಟೇ. ಅತ್ತೆಗೆ ಓದು ಬಾರದು. ಅದಕ್ಕೆ ಗೋಡೆಗೆ ನೇತುಹಾಕಲು ಮೂರು ಬಣ್ಣದ ಜೇಬುಗಳ ಚೀಲ ಹೊಲಿದಿದ್ದೆ. ಹಳದಿ ಜೇಬು ಬೆಳಗಿನದು, ಹಸಿರು ಮಧ್ಯಾಹ್ನದ್ದು, ನೀಲಿ ರಾತ್ರಿಯದು. ನಾನು ಎಲ್ಲಿಗಾದರೂ ಹೋದರೂ ತಪ್ಪಬಾರದು ಅಂತ. ಬಂದ ನೆಂಟರೆಲ್ಲ ಆ ಚೀಲ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ನನಗೂ ಸ್ವಲ್ಪ ಜಂಬವಿತ್ತು, ಅದನ್ನು ಇಲ್ಲ ಅನ್ನುವುದಿಲ್ಲ.

ನನ್ನ ನಾದಿನಿಯನ್ನು, ಅಂದರೆ ನನ್ನ ಗಂಡನ ತಂಗಿಯನ್ನು, ಜಗಳೂರು ತಾಲ್ಲೂಕಿನ ಸೊಕ್ಕೆಗೆ ಕೊಟ್ಟಿದೆ. ಅವಳು ಆಗಾಗ ತಾಯಿಗೆ ಅಂತ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿ ಬಸ್ಸಿನಲ್ಲಿ ಕಳಿಸುತ್ತಿದ್ದಳು. ನಮ್ಮ ಕಡೆ ಇದು ವಾಡಿಕೆ. ಗಂಟು ಡ್ರೈವರ್ ಸೀಟಿನ ಹಿಂದೆ ಕೂರುತ್ತದೆ, ಈ ಕಡೆಯಿಂದ ಯಾರಾದರೂ ಹೋಗಿ ಇಳಿಸಿಕೊಳ್ಳುತ್ತಾರೆ. ನಮ್ಮ ಯಜಮಾನರು ನ್ಯಾಮತಿಯ ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾರೆ. ಸಂಜೆ ಅಲ್ಲಿಂದ ಬಂದು ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಅವರೇ ಗಂಟು ತರುತ್ತಿದ್ದರು. ತಂದು ನೇರ ತಾಯಿಯ ಕೈಗೆ ಕೊಡುತ್ತಿದ್ದರು. ತಾಯಿ ಬಿಚ್ಚಿ, ನೋಡಿ, ಆಮೇಲೆ ರೊಟ್ಟಿ ನನ್ನ ಕೈಗೆ ಬರುತ್ತಿತ್ತು. ತಾಯಿ ಮಗಳ ನಡುವೆ ನನಗೇನು ಕೆಲಸ ಅಂತ ನಾನು ಒಲೆಯ ಹತ್ತಿರವೇ ಇರುತ್ತಿದ್ದೆ.

ಆ ಬೇಸಿಗೆಯ ಹೊತ್ತಿಗೆ ಅತ್ತೆಯ ಮಂಡಿ ನೋವು ಕಡಿಮೆಯಾಯಿತು. ಗೋಡೆ ಹಿಡಿದು ನಡೆಯುತ್ತಿದ್ದವರು ಬೀದಿಯ ಕೊನೆಯ ಮನೆಯ ತನಕ ಹೋಗಿ ಬರತೊಡಗಿದರು. ಮುಖ ತುಂಬಿಕೊಂಡು ದುಂಡಗಾಯಿತು. ಪಕ್ಕದ ಮನೆಯಾಕೆ ನನ್ನ ಕಂಡಾಗಲೆಲ್ಲ, "ಏನ್ ನೋಡ್ಕೊಂತೀಯವ್ವ ನಿಮ್ಮತ್ತೇನ! ಮುಖ ನೋಡು, ಹೆಂಗೆ ಕಳೆ ಬಂದೈತೆ" ಅನ್ನುತ್ತಿದ್ದಳು. ನಾನು ಹಿಗ್ಗಿ ಹೀರೇಕಾಯಿಯಾಗುತ್ತಿದ್ದೆ.

ಆದರೆ ಶುಗರ್ ಏರಿತು. ಕ್ಲಿನಿಕ್ಕಿನಲ್ಲಿ ಗುಳಿಗೆ ಹೆಚ್ಚಿಸಿದರು. ಮತ್ತೆ ಏರಿತು, ಮತ್ತೆ ಹೆಚ್ಚಿಸಿದರು. ಬಿಪಿಯೂ ಅದರ ಹಿಂದೆಯೇ ಹೋಯಿತು. ಕಾಲು ಬಾತುಕೊಂಡವು, ಅದಕ್ಕೆ ಮೂತ್ರ ಹೋಗುವ ಗುಳಿಗೆ. ಹೊಟ್ಟೆ ಉರಿ ಅಂದರು, ಅದಕ್ಕೊಂದು. ನಿದ್ದೆ ಹತ್ತುವುದಿಲ್ಲ ಅಂದರು, ಅದಕ್ಕೂ ಒಂದು. ನನ್ನ ಚೀಲದ ಜೇಬುಗಳು ಉಬ್ಬಿ ಹೊಲಿಗೆ ಬಿಡುವಂತಾದವು. ಪ್ರತಿ ಸಲವೂ ಕ್ಲಿನಿಕ್ಕಿನಲ್ಲಿ ಕೇಳುತ್ತಿದ್ದರು, ಬೇರೆ ಏನಾದರೂ ಔಷಧಿ ತೆಗೆದುಕೊಳ್ಳುತ್ತೀರಾ ಅಂತ. ಅತ್ತೆ ನನ್ನ ಕಡೆ ಕೈ ತೋರಿಸಿ, "ಇಲ್ರೀ ಸಾಹೇಬ್ರೇ, ಇವಳು ಕೊಟ್ಟಿದ್ದಷ್ಟೇ" ಅನ್ನುತ್ತಿದ್ದರು.

ನನಗೆ ಅನುಮಾನ ಬಂದದ್ದು ಬೆಲ್ಲದ ಮೇಲೆ. ಕದ್ದು ತಿನ್ನುತ್ತಿದ್ದಾರೆ ಅಂದುಕೊಂಡು ಬೆಲ್ಲದ ಡಬ್ಬಿಯನ್ನು ಅಟ್ಟಕ್ಕೇರಿಸಿದೆ. ಚಹಾದ ಸಕ್ಕರೆ ನಿಲ್ಲಿಸಿದೆ. ಯಜಮಾನರು ಬಾಳೆಹಣ್ಣು ತಂದರೆ ಮನೆಯಲ್ಲಿ ರಂಪ ಮಾಡಿದೆ. ಅವರು ತುಟಿ ಪಿಟಕ್ಕೆನ್ನದೆ ಹಣ್ಣಿನ ಚಿಪ್ಪು ಎತ್ತಿಕೊಂಡು ಹೊರಗೆ ಹೋದರು. ಆಗ ಅವರ ಸಹನೆಯನ್ನು ಮೆಚ್ಚಿಕೊಂಡಿದ್ದೆ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಮಳೆಗಾಲ ಶುರುವಾದ ಮೇಲೆ ಒಂದು ದಿನ ಅತ್ತೆ, "ಕಾಚು ಬ್ಯಾಡ ಕಣೇ, ಸುಮ್ನೆ ಎಲೆ ಅಡಿಕೆ ಸಾಕು" ಅಂದರು. ಬಾಯಿಗೆ ಒಗ್ಗುತ್ತಿಲ್ಲವೇನೋ ಅಂದುಕೊಂಡು ಹಾಗೇ ಮಡಚಿ ಕೊಟ್ಟೆ. ಮರುದಿನವೂ ಹಾಗೇ. ಮಂಡಿ ನೋವು ಮತ್ತೆ ಬಂತು. ಊಟ ಸೇರದಾಯಿತು. ನಾನು ಗುಳಿಗೆಗಳನ್ನು ಮಾತ್ರ ಒಂದೂ ತಪ್ಪಿಸದೆ ಕೊಟ್ಟೆ.

ಅದಾಗಿ ಹೆಚ್ಚು ದಿನವಾಗಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಕರೆಯಲು ಹೋದರೆ ಅತ್ತೆ ಕಟ್ಟೆಯ ಮೇಲೆ ವಾಲಿಕೊಂಡಿದ್ದರು. ಸೀರೆ ಬೆವರಿಗೆ ಒದ್ದೆಯಾಗಿತ್ತು. ಮಾತು ತೊದಲುತ್ತಿತ್ತು, ನನ್ನ ಗುರುತೇ ಸಿಕ್ಕಲಿಲ್ಲ. ಬಾಯಿಗೆ ಸಕ್ಕರೆ ನೀರು ಹಾಕಿದರೆ ಕಟವಾಯಿಯಲ್ಲಿ ಇಳಿದುಹೋಯಿತು. ಪಕ್ಕದ ಮನೆಯಾಕೆಯನ್ನು ಕೂಗಿ, ಇಬ್ಬರೂ ಹೊತ್ತುಕೊಂಡು ಆಟೋಗೆ ಹಾಕಿದೆವು. ಆಸ್ಪತ್ರೆ ತಲುಪುವ ತನಕ ಅವರ ತಲೆ ನನ್ನ ತೊಡೆಯ ಮೇಲಿತ್ತು. ಇವರು ಉಳಿದರೆ ಸಾಕು, ಇನ್ನೇನೂ ಬೇಡ ಅಂತ ಬೇಡಿಕೊಂಡೆ. ಸುಳ್ಳಲ್ಲ, ಆ ಹೊತ್ತಿಗೆ ನನಗೆ ಬೇರೇನೂ ಬೇಕಿರಲಿಲ್ಲ.

ಶುಗರ್ ಪಾತಾಳಕ್ಕೆ ಇಳಿದಿತ್ತು. ಗ್ಲೂಕೋಸ್ ಏರಿಸಿದ ಮೇಲೆ ಕಣ್ಣು ಬಿಟ್ಟರು. ವಯಸ್ಸಿನಲ್ಲಿ ಚಿಕ್ಕವರಾದ ಡಾಕ್ಟರಮ್ಮ, "ಅಜ್ಜಿ, ಗುಳಿಗೆ ಜಾಸ್ತಿ ಆದಂಗೈತೆ. ಯಾರು ಕೊಡೋದು ನಿಮಗೆ?" ಅಂತ ಕೇಳಿದರು.

ಅತ್ತೆ ನನ್ನನ್ನು ನೋಡಿದರು. ಆಮೇಲೆ ಬೆರಳೆತ್ತಿ ತೋರಿಸಿದರು.

"ಕೊಡೋದೆಲ್ಲ ಇವಳೇ. ಏನ್ ಕೊಟ್ಟಳೋ ಏನೋ, ನನಗೆ ಕಣ್ಣು ಕಾಣಲ್ಲ" ಅಂದರು.

ಯಜಮಾನರು ಕಿಟಕಿಯ ಕಡೆ ಮುಖ ತಿರುಗಿಸಿ ನಿಂತಿದ್ದರು. ಮರುದಿನ ಬೆಳಿಗ್ಗೆ ಸೊಕ್ಕೆಯಿಂದ ನಾದಿನಿ ಬಂದವಳೇ ವಾರ್ಡಿನಲ್ಲಿ ಎಲ್ಲರಿಗೂ ಕೇಳುವಂತೆ, "ಏನ್ ಅತ್ತಿಗೆ, ಒಂದ್ ಗುಳಿಗೆ ಕೊಡಾಕೂ ಬರಲ್ವಾ ನಿಮಗೆ? ನಮ್ಮವ್ವನ್ನ ಕೊಂದೇ ಬಿಡ್ತಿದ್ರಲ್ಲ!" ಅಂದಳು. ಪಕ್ಕದ ಮಂಚದವರೆಲ್ಲ ತಿರುಗಿ ನೋಡಿದರು. ಯಜಮಾನರು ಚಹಾ ತರುತ್ತೇನೆಂದು ಹೊರಗೆ ಹೋದರು.

ಡಾಕ್ಟರಮ್ಮ ಮಾತ್ರ ನನ್ನನ್ನು ಬೈಯಲಿಲ್ಲ. "ಮನೇಲಿ ಅಜ್ಜಿ ಬಾಯಿಗೆ ಹಾಕ್ಕೊಳ್ಳೋದು ಏನೇನೈತೆ, ಎಲ್ಲಾನೂ ಒಂದು ಚೀಲಕ್ಕೆ ಹಾಕ್ಕೊಂಡು ಬನ್ನಿ. ಗುಳಿಗೆ, ಕಷಾಯ, ಪುಡಿ, ಎಲ್ಲಾ. ಕೂತು ಒಂದೊಂದೇ ನೋಡೋಣ. ವಯಸ್ಸಾದವರಿಗೆ ಆಗಾಗ ಹಿಂಗೆ ನೋಡ್ಲೇಬೇಕು, ಸೇರಿಸ್ತಾನೇ ಹೋಗ್ತೀವಿ, ತೆಗೆಯೋರು ಯಾರೂ ಇರಲ್ಲ" ಅಂದರು.

ನಾನು ಸಿಟ್ಟಿನಲ್ಲೇ ಮನೆಗೆ ಹೋದೆ. ಬಾಯಿಗೆ ಹಾಕಿಕೊಳ್ಳುವುದೆಲ್ಲ ಬೇಕಲ್ಲವೇ, ತೋರಿಸುತ್ತೇನೆ ಅಂತ ಗೋಡೆಯ ಚೀಲ ಕಿತ್ತುಕೊಂಡೆ. ಚಟ್ನಿಪುಡಿಯ ಡಬ್ಬ, ಉಪ್ಪಿನಕಾಯಿ, ಕೊನೆಗೆ ಎಲೆ-ಅಡಿಕೆ ಸಂಚಿಯನ್ನೂ ತುಂಬಿಕೊಂಡು ಬಂದು ಡಾಕ್ಟರಮ್ಮನ ಮೇಜಿನ ಮೇಲೆ ಸುರಿದೆ. ಮನೆಯವರೆಲ್ಲ ಅಲ್ಲೇ ಇದ್ದರು. ಅತ್ತೆಯನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿದ್ದರು.

ಡಾಕ್ಟರಮ್ಮ ಗುಳಿಗೆಗಳನ್ನು ಒಂದೊಂದಾಗಿ ಎತ್ತಿ, ಇದು ಯಾಕೆ ಶುರುವಾಯಿತು, ಯಾವಾಗ ಹೆಚ್ಚಾಯಿತು ಅಂತ ಕೇಳುತ್ತ ಹೋದರು. ಕೊನೆಗೆ ಸಂಚಿ ಬಿಚ್ಚಿ, ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದರು. ತಳದಲ್ಲಿ ಒಂದಿಷ್ಟು ಪುಡಿ ಅಂಟಿಕೊಂಡಿತ್ತು.

"ಅಜ್ಜಿ, ಇದೇನು?"

"ಕಾಚು" ಅಂದರು ಅತ್ತೆ.

"ನಮ್ಮಜ್ಜೀನೂ ಎಲೆ ಹಾಕ್ತಿದ್ರು" ಅನ್ನುತ್ತ ಡಾಕ್ಟರಮ್ಮ ಪುಡಿಯನ್ನು ಬಿಳಿ ಕಾಗದದ ಮೇಲೆ ಕೊಡವಿ ಎರಡು ಹನಿ ನೀರು ಹಾಕಿದರು. ಕಾಚಿನ ಹಾಗೆ ಅದು ಕರಗಿ ಕೆಂಪು ಬಿಡಲಿಲ್ಲ. ರಾಡಿಯಾಗಿ, ನಡುನಡುವೆ ಬಿಳಿಯ ಕಾಳುಗಳು ಕಂಡವು. "ಇದು ಕಾಚಲ್ಲ. ಏನಿದು ಅಂತ ಹೇಳಿದ್ರೆ ಅಜ್ಜಿ ಉಳೀತಾರೆ. ಹೇಳಿಲ್ಲ ಅಂದ್ರೆ ಮತ್ತೆ ಹಿಂಗೇ ಬೀಳ್ತಾರೆ."

ಕೊನೆಗೆ ನಮ್ಮ ಯಜಮಾನರು ನೆಲ ನೋಡುತ್ತ, "ಮಂಡಿ ನೋವಿನ ಪುಡಿ ಮೇಡಂ. ಸೊಕ್ಕೆ ಕಡೆ ಸಂತೇಲಿ ಒಬ್ಬ ಕೊಡ್ತಿದ್ದ. ತಂಗಿ ರೊಟ್ಟಿ ಗಂಟಲ್ಲಿ ಕಳಿಸ್ತಿದ್ಲು, ಅವ್ವ ಕಾಚಿನ ಡಬ್ಬೀಲಿ ಇಟ್ಕೊಂತಿದ್ಲು. ಈಗ ಅವನು ಸಂತೆಗೆ ಬರಾದು ಬಿಟ್ಟವ್ನೆ, ಪುಡಿ ಖಾಲಿ ಆಗಿತ್ತು" ಅಂದರು.

ಡಾಕ್ಟರಮ್ಮ ತಿಳಿಸಿ ಹೇಳಿದರು. ಪರೀಕ್ಷೆ ಮಾಡದೆ ಇದರಲ್ಲಿ ಇಂಥದ್ದೇ ಇದೆ ಅನ್ನಲಾಗದು, ಆದರೆ ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸುವುದುಂಟು. ನೋವು ಮಾಯವಾಗುತ್ತದೆ, ಮುಖ ಊದುತ್ತದೆ, ಶುಗರ್ ಬಿಪಿ ಏರುತ್ತವೆ. ಅದನ್ನು ಇಳಿಸಲು ಗುಳಿಗೆ ಹೆಚ್ಚಿಸುತ್ತ ಹೋಗಿದ್ದೇವೆ. ಪುಡಿ ನಿಂತಿತು, ಗುಳಿಗೆ ಹಾಗೇ ಉಳಿಯಿತು, ಶುಗರ್ ಕುಸಿಯಿತು. ಅಂಥ ಪುಡಿಯನ್ನು ಥಟ್ಟನೆ ಬಿಟ್ಟರೂ ಮೈ ಸೋತುಹೋಗುತ್ತದೆ, ಇನ್ನು ಕೆಲವು ದಿನ ನಮ್ಮ ಕಣ್ಣ ಮುಂದೆಯೇ ಇರಲಿ ಅಂದರು. ಮೇಜಿನ ಮೇಲಿದ್ದ ಗುಳಿಗೆಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಪಕ್ಕಕ್ಕೆ ಸರಿಸಿದರು.

ನನ್ನ ಕಿವಿಗೆ ಅರ್ಧ ಮಾತ್ರ ಬೀಳುತ್ತಿತ್ತು. ಕಳಿಸಿದವಳಿಗೆ ಗೊತ್ತಿತ್ತು, ತಂದವರಿಗೆ ಗೊತ್ತಿತ್ತು, ನುಂಗಿದವರಿಗೆ ಗೊತ್ತಿತ್ತು. ಪಕ್ಕದ ಮನೆಯಾಕೆಗೂ ಗೊತ್ತಿತ್ತು, ಅವಳೂ ಸೊಂಟ ನೋವಿಗೆ ಒಂದು ಚಿಟಿಕೆ ಇಸಿದುಕೊಂಡಿದ್ದಳಂತೆ. ನನ್ನೊಬ್ಬಳ ಕಿವಿಗೆ ಹೂವಿಟ್ಟಿದ್ದರು. ಅದೂ ನನ್ನ ಕೈಯಿಂದಲೇ, ನನ್ನ ತವರಿನ ಅಡಿಕೆಯ ಜೊತೆ, ನಾನೇ ಹೊಲಿದ ಸಂಚಿಯಿಂದ ತೆಗೆಸಿ, ನಾನೇ ಬಾಯಿಗಿಡುವಂತೆ ಮಾಡಿದ್ದರು. ಸಂಚಿ ನನ್ನ ಮಡಿಲಿಗೆ ಬಿದ್ದ ದಿನದ ಸಂತೋಷ ನೆನಪಾಗಿ ನನ್ನ ಮೇಲೇ ಅಸಹ್ಯವಾಯಿತು.

ಅತ್ತೆ ಮನೆಗೆ ಬಂದರು. ನೋಡಲು ಬಂದವರಿಗೆಲ್ಲ, "ಗುಳಿಗೆ ಹೆಚ್ಚುಕಮ್ಮಿ ಆಗಿತ್ತಂತೆ, ಪಾಪ, ನಮ್ ಹುಡುಗಿಗೆ ತಿಳೀಲಿಲ್ಲ" ಅಂತ ಹೇಳಿದರು. ಪುಡಿಯ ಮಾತೇ ಇಲ್ಲ. ಬೀದಿಯಲ್ಲಿ ಇವತ್ತಿಗೂ ಉಳಿದಿರುವುದು ಆ ಕಥೆಯೇ. ಒಂದು ದಿನ ಯಾರೂ ಇಲ್ಲದಾಗ ಮಿಷನ್ ನಿಲ್ಲಿಸಿ ಕೇಳಿಯೇ ಬಿಟ್ಟೆ.

"ಡಾಕ್ಟ್ರ ಮುಂದೆ ನನ್ನ ಕಡೆ ಯಾಕೆ ಬೆರಳು ತೋರ್ಸಿದ್ರಿ ಅತ್ತೆ?"

ಅವರು ತಡವರಿಸಲಿಲ್ಲ. "ಮತ್ತೆ ಅವಳನ್ನ ತೋರ್ಸಾಕೆ ಆಗ್ತೈತೇನೇ? ಅವಳು ಕೊಟ್ಟ ಮನೇಲಿರೋಳು. ಒಂದ್ ಸಲ ಮುನಿಸ್ಕೊಂಡ್ರೆ ಈ ಹೊಸ್ತಿಲು ತುಳಿಯಲ್ಲ. ನೀನು ಇಲ್ಲಿಯೋಳು. ಬೈಸ್ಕೊಂಡ್ರೂ ಇಲ್ಲೇ ಇರ್ತೀಯ."

ಇದನ್ನು ಅವರು ಪ್ರೀತಿಯಿಂದಲೇ ಹೇಳಿದರು. ಅದೇ ನನಗೆ ತಡೆಯಲಾಗಲಿಲ್ಲ.

ಗುಳಿಗೆ ಕೊಡುವುದನ್ನು ನಾನು ಬಿಡಲಿಲ್ಲ, ಎಲೆ ಮಡಚುವುದನ್ನೂ ಬಿಡಲಿಲ್ಲ. ಆದರೆ ಅಂದಿನಿಂದ ಡಬ್ಬಿ ತೆರೆದ ಕೂಡಲೇ ಮೊದಲು ಒಂದು ಚೂರು ನನ್ನ ನಾಲಿಗೆಗೆ ಇಟ್ಟು ನೋಡುತ್ತೇನೆ, ಅವರ ಎದುರಿಗೇ. ಕಾಚಾದರೆ ಒಗರು. ಅವರ ಕಣ್ಣಿಗೆ ಅಷ್ಟು ಮಾತ್ರ ಚೆನ್ನಾಗಿ ಕಾಣುತ್ತದೆ, ಮುಖ ಬಿಗಿಯುತ್ತದೆ.

ಕಳೆದ ವಾರ ಸೊಕ್ಕೆಯಿಂದ ಚಟ್ನಿಪುಡಿ ಬಂತು. ಮರುದಿನ ಊಟವಾದ ಮೇಲೆ ಡಬ್ಬಿ ತೆರೆದು ನಾಲಿಗೆಗಿಟ್ಟರೆ ಕಹಿ. ಗಂಟಲಿನ ತನಕ ಇಳಿಯುವ ಕಹಿ.

"ಮಂಡಿ ಬಾಳ ನೋಯ್ತೈತೆ ಕಣೇ" ಅಂದರು ಅತ್ತೆ, ಗೋಡೆ ನೋಡುತ್ತ.

"ನನಗೆ ಹೇಳಬೇಕಿತ್ತು."

"ಹೇಳಿದ್ರೆ ನೀನು ಕೊಡ್ತಿರಲಿಲ್ಲ."

ಹೌದು, ಕೊಡುತ್ತಿರಲಿಲ್ಲ. ಪುಡಿಯವನು ಮತ್ತೆ ಸಂತೆಗೆ ಬರತೊಡಗಿದ್ದಾನೆ, ಡಬ್ಬಿಗೆ ಹಾಕಿದ್ದೇ ನಿನ್ನೆ ಅಂತ ಅವರ ಬಾಯಿಂದಲೇ ಹೇಳಿಸಿಕೊಂಡೆ. ನಾಳೆಯೇ ಡಾಕ್ಟರಮ್ಮನಿಗೆ ತೋರಿಸಬೇಕೆಂದು ಒಂದು ಚಿಟಿಕೆ ಕಾಗದದಲ್ಲಿ ಕಟ್ಟಿಟ್ಟು, ಉಳಿದದ್ದನ್ನು ಬಚ್ಚಲಿಗೆ ಸುರಿದೆ. ಡಬ್ಬಿ ತೊಳೆದು ಒರೆಸಿ, ಅಂಗಡಿಯ ಕಾಚು ತುಂಬಿ, ಎಲೆಗೆ ಸುಣ್ಣ ಸವರಿ ಮಡಚಿದೆ. ಎಂದಿನ ಹಾಗೆ ಅವರ ಬಾಯಿಯ ಹತ್ತಿರ ಹಿಡಿದೆ.

ಅವರು ಬಾಯಿ ತೆರೆಯಲಿಲ್ಲ.

"ಅಲ್ಲಿಡು" ಅಂದರು.