ಮುಂದೆ ಹೋಗಿ ನೋಡಿ ಬಂದವನು

ದೇವದುರ್ಗದ ಕಡೆ ಹೊಳೆಯಲ್ಲಿ ಮುಳುಗಿದ ಟ್ರ್ಯಾಕ್ಟರ್ ಇರಲಿ, ಮಾನ್ವಿ ಕಾಲುವೆಗೆ ಬಿದ್ದ ಲಾರಿ ಇರಲಿ, ರಾಯಚೂರಿನ ಬೀರೇಶ ತನ್ನ ಕ್ರೇನ್ ತಂದು, ಸರಪಳಿ ಬಿಗಿದು ಎತ್ತಿಕೊಡುತ್ತಿದ್ದ. ಊರವರದ್ದೆಲ್ಲ ಮೇಲೆತ್ತಿದವನಿಗೆ ಸ್ವಂತ ತಮ್ಮನನ್ನು ಮಾತ್ರ ಎತ್ತಲಾಗಲಿಲ್ಲ. ದೇವರ ಆಟವೇ ತಿಳಿಯುವುದಿಲ್ಲ ಬಿಡಿ.

ತಮ್ಮ ಗುರುಸಿದ್ದ ವೆಲ್ಡರ್. ಸರಕು ಹಡಗಿನಲ್ಲಿ ಕೆಲಸ ಸಿಕ್ಕಿತೆಂದು ಕುಣಿದುಕೊಂಡು ಹೋದ. ಆ ಹಡಗು ಮಧ್ಯ ಅಮೆರಿಕದ ಹೊಂಡುರಾಸ್ ಹತ್ತಿರ ಬಿರುಗಾಳಿಗೆ ಸಿಕ್ಕು, ಎಂಜಿನ್ ಕೋಣೆಯಲ್ಲಿದ್ದ ಅವನ ಸಮೇತ ಮುಳುಗಿತು. ಮಟಮಾರಿಯಲ್ಲಿದ್ದ ತಾಯಿ ಬೂದೆಮ್ಮ ಸತ್ತವರಿಗೆ ಮಾಡುವ ದಿವಸ ಮಾಡಲು ಒಪ್ಪಲಿಲ್ಲ.

"ಒಂದ್ ಎಲುಬಾರ ತಂದು ಕೊಡ್ರಿ. ಅವರಪ್ಪನ ಮಗ್ಗಲ್ದಾಗ ಮಣ್ಣು ಕೊಟ್ಟು, ಆಮ್ಯಾಲ ದಿವಸ ಮಾಡ್ತೀನಿ" ಎಂದು ಹಟ ಹಿಡಿದಳು. ಹೊಲದಲ್ಲಿ ಗಂಡನ ಗೋರಿಯ ಪಕ್ಕದ ಜಾಗವನ್ನು ಯಾರಿಗೂ ಉಳಲು ಬಿಡಲಿಲ್ಲ.

ಅಷ್ಟರಲ್ಲಿ ರಾಯಚೂರಿನ ಅಕ್ಕಿ ಗಿರಣಿಯ ಬಸವಪ್ರಸಾದ, ಮುಂಬೈಯವರ ಜೊತೆ ಸೇರಿ ಆ ಹಡಗನ್ನು ತುಂಡು ತುಂಡಾಗಿ ಎತ್ತಿ ಒಳಗಿನ ತಾಮ್ರ ತೆಗೆಯುವ ಗುತ್ತಿಗೆ ಹಿಡಿದ. ತೌಡು ಮಾರುವವನಿಗೆ ಸಮುದ್ರದ ಉಸಾಬರಿ ಯಾಕೆ ಬೇಕಿತ್ತೋ! ಆದರೆ ಬೀರೇಶನಿಗೆ ಅವನು ದೇವರಾಗಿ ಕಂಡ. ಹಡಗು ಮೇಲೆದ್ದರೆ ತಮ್ಮನೂ ಸಿಗುತ್ತಾನೆ. ಮೊದಲು ಆ ತುಂಡುಗಳನ್ನು ಇಳಿಸಲು ತಕ್ಕ ಬಂದರು ಹುಡುಕಬೇಕಿತ್ತು.

"ನೀನಾ ಬಾರಲೇ ಬೀರ್ಯಾ, ನಿನ್ನ ಮಾತಾದ್ರ ನಾ ನಂಬ್ತೀನಿ" ಎಂದು ಬಸವಪ್ರಸಾದ ಅವನನ್ನೇ ಕರೆದುಕೊಂಡು ಹೋದ.

ನಂಬಲು ಕಾರಣವಿತ್ತು. ಬೀರೇಶನ ತಂದೆ ಬೂದೆಪ್ಪ ಕುರಿ ಹಿಂಡಿಗಿಂತ ಮುಂದೆ ಹೋಗಿ, ಮೇವು ನೀರು ನೋಡಿ ಬರುತ್ತಿದ್ದವನು. ಅವನು ಹೂಂ ಅಂದರೆ ಮಾತ್ರ ಹಿಂಡು ಏಳುತ್ತಿತ್ತು. ಹಾಗೆ ಹೋದವನು ಇದ್ದದ್ದನ್ನು ಇದ್ದಂತೆಯೇ ಹೇಳಬೇಕು. ಒಮ್ಮೆ ಹಾಗೆ ನೋಡಲು ಹೋದ ಬೇರೊಬ್ಬ, ತನ್ನ ಬೀಗರ ಊರೆಂದು ಕೆಟ್ಟ ನೀರನ್ನು ಒಳ್ಳೆಯದೆಂದ. ಕುರಿ ಸತ್ತವು, ಆಮೇಲೆ ಅವನ ಮನೆಯಲ್ಲಿ ಯಾರೂ ಒಂದು ಗುಟುಕು ನೀರು ಕುಡಿಯಲಿಲ್ಲ. ಬೂದೆಮ್ಮ ಮಕ್ಕಳಿಗೆ ಉಣ್ಣಿಸುವಾಗಲೆಲ್ಲ ಇದನ್ನೇ ಹೇಳಿ ಹೇಳಿ ತಲೆಗೆ ತುಂಬಿದ್ದಳು.

ಹೊಂಡುರಾಸಿನಲ್ಲಿ ನೋಡಿದ ಮೊದಲ ಬಂದರಿನ ತುಂಬ ಹೂಳು. ನಿಕರಾಗುವಾದಲ್ಲಿ ನೀರಿನ ಆಳವಿತ್ತು, ಕ್ರೇನ್ ಇರಲಿಲ್ಲ. ಕಡೆಗೆ, ಹಡಗು ಮುಳುಗಿದ ಜಾಗಕ್ಕೆ ಹತ್ತಿರವೇ ಒಂದು ಸಣ್ಣ ಬಂದರು ಸಿಕ್ಕಿತು. ಆಳವೂ ಇತ್ತು, ಕ್ರೇನೂ ಇತ್ತು. ಬೀರೇಶನ ಮುಖ ಅರಳಿತು. ಆದರೂ ಅಭ್ಯಾಸಬಲ, ಕಟ್ಟೆಯ ಅಂಚಿಗೆ ಬೋರಲು ಮಲಗಿ ಕ್ರೇನಿನ ಬುಡಕ್ಕೆ ಕೈ ಹಾಕಿದ. ತೋಳು ಪೂರ್ತಿ ಒಳಗೆ ಹೋಯಿತು. ಮೇಲೆ ಸಿಮೆಂಟು, ಕೆಳಗೆಲ್ಲ ಅಲೆ ಕೊರೆದು ಪೊಳ್ಳು.

ಮಲಗಿದಲ್ಲಿಂದಲೇ ತಲೆಯೆತ್ತಿ ತಮ್ಮ ಮುಳುಗಿದ ಕಡೆ ನೋಡಿದ. 

"ಹೆಂಗದಲೇ?" ಎಂದ ಬಸವಪ್ರಸಾದ.

ಸರಿ ಅದ ಅಂದಿದ್ದರೆ ಸಾಕಿತ್ತು. ಬೇರೆ ಯಾರಾದರೂ ಅಂದುಬಿಡುತ್ತಿದ್ದರು, ನಾನಂತೂ ಖಂಡಿತ ಅನ್ನುತ್ತಿದ್ದೆ.

"ಬ್ಯಾಡ್ರಿ ಸಾವಕಾರ್ರ. ಬುಡ ಪೊಳ್ಳದ. ಭಾರ ಎತ್ತಿದ್ರ ಮಂದಿ ಸಾಯ್ತಾರ."

ಬಸವಪ್ರಸಾದ ಅವನ ಮುಖವನ್ನೇ ನೋಡಿದ. "ತಮ್ಮನ್ನ ಬಿಟ್ಟು ನೀನಾ ಬ್ಯಾಡ ಅಂದ ಮ್ಯಾಲ, ಇನ್ಯಾರು ಹೂಂ ಅಂತಾರ" ಎಂದ. ನೋಡಲು ಬೇರೆ ಬಂದರು ಉಳಿದಿರಲಿಲ್ಲ, ಗುತ್ತಿಗೆಯನ್ನು ಅಲ್ಲಿಗೇ ಕೈಬಿಟ್ಟರು.

ಮಟಮಾರಿಗೆ ಬಂದು ಬೀರೇಶ ಒಂದೂ ಮುಚ್ಚಿಡದೆ ಹೇಳಿದ. ಬೂದೆಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ನೀ ಹೂಂ ಅಂದಿದ್ರ ಅವನ್ನ ತರ್ತಿದ್ರೇನು?"

"ತರ್ತಿದ್ರು ಯವ್ವಾ."

ಹಂಚಿನ ಮೇಲಿನ ರೊಟ್ಟಿ ಹೊತ್ತುತ್ತಿತ್ತು. ಅವಳು ತಿರುವಿ ಹಾಕಲಿಲ್ಲ.

"ಒಂದಾ ಒಂದು ಸುಳ್ಳು ಹೇಳಾಕ ಬರಲಿಲ್ಲೇನಪಾ ನಿನಗ?"

ಹಾಗೆ ಕೇಳಿದವಳು ಕಲಿಸಿದವಳೇ. ಬೀರೇಶ ಬಗ್ಗಿ ಹಂಚಿನ ಮೇಲಿನ ರೊಟ್ಟಿ ತೆಗೆದಿಟ್ಟ.

ಮರುದಿನ ಹೊಲಕ್ಕೆ ಹೊರಟವನನ್ನು ಅವಳು ತಡೆದಳು. "ಗೋರಿ ಮಗ್ಗಲದ್ದೂ ಉತ್ತುಬಿಡು. ಇನ್ನ್ಯಾರಿಗಂತ ಬಿಡೂದು."

ಬೀರೇಶ ಉತ್ತ. ದಿವಸದ ಮಾತನ್ನು ಇಬ್ಬರೂ ಎತ್ತಲಿಲ್ಲ.