ಹುಳುಮನೆ ಬಾಗಿಲಲ್ಲಿ ಪದ್ಮ

ನಿನ್ನೆ ಬೆಳಿಗ್ಗೆ ಮೇಘ ಅಂಗಳಕ್ಕೆ ಬರುವ ಮೊದಲೇ ಅವಳ ಸೆಂಟು ಬಂತು. ಮಕ್ಕಳೇ, ನಿಮ್ಮಲ್ಲಿ ದೊಡ್ಡವಳಾದ ಅವಳಿಗೆ ರೇಷ್ಮೆ ಹುಳು ನೋಡುವ ಆಸೆ. ಹುಳುಮನೆ ಬಾಗಿಲಲ್ಲಿ ಅವಳನ್ನು ತಡೆದದ್ದು ನಾನಲ್ಲ. ನಿವೃತ್ತಳಾಗಿ ನಮ್ಮ ಮನೆ ಸೇರಿರುವ ನನ್ನ ತಂಗಿ, ನಿಮ್ಮ ಚಿಕ್ಕಜ್ಜಿ ಪದ್ಮ. "ಬರೀ ನೀರಲ್ಲಿ ಮಿಂದು ಬಾ ಹೋಗವ್ವ" ಎಂದಳು. ನನಗೆ ನಗು ಬಂತು. ಇದೇ ಬಾಗಿಲಲ್ಲಿ ಒಮ್ಮೆ ಅವಳನ್ನೇ ತಡೆದವಳು ನಾನು.

ನಾವಿಬ್ಬರೂ ಕನಕಪುರದ ಹತ್ತಿರದ ಒಂದೇ ಹಳ್ಳಿ ಶಾಲೆಯಲ್ಲಿ ಓದಿದವರು. ಏಳನೇ ಕ್ಲಾಸಿಗೆ ನಾನು ನಿಂತೆ. ಅವಳು ನಿಲ್ಲಲೇ ಇಲ್ಲ. ಮೊದಲು ಮಾನವ ಹಕ್ಕುಗಳ ಮೇಲೆ ಒಂದು ದಪ್ಪ ಪುಸ್ತಕ ಬರೆದಳು. ನನಗೂ ಒಂದು ಕೊಟ್ಟಳು. ಇಂಗ್ಲಿಷ್ ಬಾರದ ನಾನು ಅದನ್ನು ಹುಳುತಟ್ಟೆ ಇಡುವ ಸ್ಟ್ಯಾಂಡಿನ ಗಿಡ್ಡ ಕಾಲಡಿಗೆ ಕೊಟ್ಟೆ. ಇವತ್ತಿಗೂ ಅದು ಅಲುಗಿಲ್ಲ. ಆಮೇಲೆ ಪದ್ಮ ರಾಯಭಾರ ಕಚೇರಿ ಸೇರಿ ದೇಶ ದೇಶ ಸುತ್ತಿದಳು. ಕೊನೆಗೆ ಬಡ ದೇಶಗಳ ಅಭಿವೃದ್ಧಿ. ಬಡತನ ನೋಡಲು ವಿಮಾನದಲ್ಲಿ ಹೋಗುವ ಕೆಲಸ ಎಂದು ನಿಮ್ಮ ತಾತ ನಗುತ್ತಿದ್ದರು.

ತಾತ ಹೋದ ಮರುವರ್ಷ ಅವಳು ನಾಲ್ವರು ವಿದೇಶಿಯರನ್ನು ಕರೆತಂದಳು. ಹಳ್ಳಿ ಹೆಂಗಸರ ಕೆಲಸ ನೋಡಬೇಕಂತೆ. ನಾನೊಬ್ಬಳೇ ಸಾಕಿದ ಮೊದಲ ಹುಳು ಆಗಷ್ಟೇ ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದಿದ್ದವು. ವಾರದಲ್ಲಿ ಗೂಡು ಕಟ್ಟಬೇಕು. ಕೆಟ್ಟರೆ, ಗಂಡಸಿಲ್ಲದ ಮನೆಗೆ ಹುಳ ಯಾಕೆ ಎನ್ನಲು ಊರು ಕಾಯುತ್ತಿತ್ತು. ಕಾರಿಳಿದವರೆಲ್ಲ ಹೂವಿನ ಅಂಗಡಿಯಂತೆ ಘಮ್ಮೆನ್ನುತ್ತಿದ್ದರು. ಆ ವಾಸನೆಗೆ ಹುಳು ಸೊಪ್ಪು ಮುಟ್ಟುವುದಿಲ್ಲ. ನೆಂಟರೆದುರೂ ತಲೆಯೆತ್ತದ ನಾನು ಬಾಗಿಲಿಗೆ ಅಡ್ಡ ನಿಂತೆ.

"ಅಕ್ಕ, ಒಸಿ ಜರುಗು. ಬಾಳ ದೂರದಿಂದ ಬಂದವ್ರೆ."

"ಎಲ್ಲಿಂದಾರ ಬಂದಿರ್ಲಿ ಕಣೆ. ಸೆಂಟು ಹಾಕ್ಕೊಂಡು ಒಳಿಕ್ಕೆ ಬರಂಗಿಲ್ಲ. ನೀನೂವೆ."

ಪದ್ಮನ ಮುಖ ಸಣ್ಣದಾಯಿತು. ನನ್ನ ಎರಡು ಮಾತಿಗೆ ಅವಳು ಇಂಗ್ಲಿಷಿನಲ್ಲಿ ಹತ್ತು ಮಾತು ಹೇಳಿದಳು. ಅವರೆಲ್ಲ ನನ್ನತ್ತ ತಿರುಗಿ ಕೈಮುಗಿದರು. ಏನೋ ಸುಳ್ಳು ಹೇಳಿ ನನ್ನ ಒರಟುತನ ಮುಚ್ಚಿದ್ದಾಳೆ, ರಾಯಭಾರವೆಂದರೆ ಇದೇ ಇರಬೇಕು ಎಂದುಕೊಂಡೆ. ಅವರು ದೂರದಿಂದಲೇ ನೋಡಿ ಹೋದರು. ಹುಳು ಚೆನ್ನಾಗಿ ಕಟ್ಟಿದವು; ಗೂಡು ಹೊತ್ತು ರಾಮನಗರದ ಮಾರ್ಕೆಟ್ಟಿಗೆ ನಾನೇ ಹೋದೆ. ಆದರೆ ತಂಗಿಗೆ ಅವಮಾನ ಮಾಡಿದೆನೆಂಬ ಮುಜುಗರಕ್ಕೆ ಆ ಮಾತನ್ನು ಮತ್ತೆ ಎತ್ತಲಿಲ್ಲ.

ನಿನ್ನೆ, ಮೇಘ ಮೀಯಲು ಹೋದಾಗ, ಧೈರ್ಯ ಮಾಡಿ ಕೇಳಿದೆ. "ಅವತ್ತು ಅವ್ರಿಗೆ ಏನಂದೆ?"

ಪದ್ಮ ಸೊಪ್ಪು ಹರಡುತ್ತಿದ್ದಳು. "ಈ ಮನೆ ಯಜಮಾನಿ ಬ್ಯಾಡ ಅಂತಾವ್ಳೆ, ಅವಳು ಬ್ಯಾಡ ಅಂದ್ರೆ ನಾನೂ ಒಳಿಕ್ಕೆ ಹೋಗಂಗಿಲ್ಲ ಅಂದೆ. ನನ್ ಪುಸ್ತಕದಲ್ಲಿ ಹಕ್ಕು ಅಂತ ಬರ್ದಿದ್ನಲ್ಲ, ಅದು ಹಿಂಗೇ ಇರ್ತದೆ, ನೋಡ್ಕಳಿ ಅಂದೆ."

ನಾನು ಬಗ್ಗಿ ಸ್ಟ್ಯಾಂಡಿನ ಕಾಲಡಿಯ ಪುಸ್ತಕ ಎಳೆಯಲು ಹೋದೆ.

"ಬುಡಕ್ಕ," ಎಂದಳು. "ಹುಳ ಮೇಯ್ತಾವೆ. ತಟ್ಟೆ ಅಲ್ಲಾಡ್ಬಾರ್ದು."